ಒಂದೇ ಬಾಯಿಯ ಓಣಿ

ಕಸರ್ ಮಿಲೂದ್,
೧೧ ಅಕ್ಟೋಬರ್ ೧೯೯೬

ನಾದಿನಿ ಜಾಜಿಯಾಳಿಗೆ ನಿನ್ನ ಭಾವ ಹಮ್ಮಾದಿಯ ಸಲಾಮು.

ನೀನು ಬೇಸಿಗೆಯಲ್ಲಿ ಬರೆದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ತಡವಾಯಿತು, ತಪ್ಪು ನನ್ನದೇ. ಇದನ್ನು ಒಂದು ಸಲ ಹೇಳುತ್ತೇನೆ, ಎರಡನೆಯ ಸಲ ಹೇಳಿಸಬೇಡ. ನಿನ್ನ ಗಂಡನ ಮೊಣಕಾಲು ಹೇಗಿದೆ? ಆ ಕಾಲಿಟ್ಟುಕೊಂಡು ಇನ್ನೂ ದೋಣಿಗೆ ಹೋಗುತ್ತಾನೆಂದರೆ ಅವನಿಗೆ ತಲೆಯಲ್ಲೂ ಏನೋ ನೋವಿರಬೇಕು. ನೀನು ಕಳಿಸಿದ ಒಣಮೀನು ತಲುಪಿತು. ಉಪ್ಪು ಜಾಸ್ತಿಯಾಗಿತ್ತು. ಎಲ್ಲ ತಿಂದೆ.

ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ, ನಿನಗೆ ಗೊತ್ತು. ಆದರೂ ಇದನ್ನು ಮಗಳ ಕೈಯಲ್ಲಿ ಓದಿಸಬೇಡ. ಕನ್ನಡಕ ಹಾಕಿಕೊಂಡು ನೀನೇ ಓದು.

ನಮ್ಮ ಓಣಿಗೆ ರಸ್ತೆ ಬರುತ್ತದಂತೆ. ಮೊದಲು ಕೇಳಿದಾಗ ನಾನು ನಕ್ಕುಬಿಟ್ಟೆ. ನೀನು ಹುಟ್ಟಿ ಬೆಳೆದ ಓಣಿ ಅದು, ಒಂದು ಕಡೆಯಿಂದ ಒಳಗೆ ಬಂದರೆ ಅದೇ ಕಡೆಯಿಂದ ಹೊರಗೆ ಹೋಗಬೇಕು. ಕೊನೆಯಲ್ಲಿ ಮೂರು ಮನೆ, ಮೂರರ ಬೆನ್ನೂ ಹೊರಗಿನ ಬಯಲಿಗೆ. ಆ ಬಯಲಿನ ಪಾಪಾಸುಕಳ್ಳಿಯನ್ನೆಲ್ಲ ಕಿತ್ತು ಪುರಸಭೆಯವರು ನಾಲ್ಕು ಅಂತಸ್ತಿನ ಮನೆಗಳನ್ನು ಕಟ್ಟುತ್ತಿದ್ದಾರೆ. ಅಲ್ಲಿಗೆ ಬರುವ ಜನ ಪೇಟೆಗೆ ಹೋಗಲು ಊರನ್ನೆಲ್ಲ ಸುತ್ತಬೇಕಾಗುತ್ತದೆ. ಕೊನೆಯ ಮೂರರಲ್ಲಿ ಯಾವುದಾದರೂ ಒಂದು ಮನೆ ಬಿದ್ದರೆ ಓಣಿ ಸೀಳಿಕೊಂಡು ನೇರ ದಾರಿ. ಬಿದ್ದ ಮನೆಗೆ ಬದಲಾಗಿ ಹೊಸ ಕಟ್ಟಡದಲ್ಲಿ ಮನೆ.

ಅಳತೆಗೆ ಬಂದ ಇಂಜಿನಿಯರ್ ಒಬ್ಬಳು ಹುಡುಗಿ. ಹೆಸರು ರನೀಮ್, ಕಾಲಲ್ಲಿ ಗಂಡಸರ ಬೂಟು. ಮೂರು ಕಾಲಿನ ದುರ್ಬೀನು ನಿಲ್ಲಿಸಿಕೊಂಡು ನನ್ನನ್ನೇ ಕೇಳಿದಳು.

"ಮಾವ, ಈ ಓಣಿಗೆ ಬಾಯಿ ಒಂದೇ ಯಾಕೆ?"

"ನಿನಗೆಷ್ಟಿದೆಯಮ್ಮ ಬಾಯಿ?" ಎಂದೆ.

"ಒಂದೇ. ಅದಕ್ಕೇ ಊಟಾನೂ ಅದ್ರಲ್ಲೇ, ನಿಮ್ ಹತ್ರ ಜಗಳಾನೂ ಅದ್ರಲ್ಲೇ. ಕಷ್ಟ ಆಗ್ತಿದೆ."

ಹುಡುಗಿ ಪರವಾಗಿಲ್ಲ. ನಾನು ಬೈದೆ, ಆದರೆ ಪೂರಾ ಬೈಯಲಿಲ್ಲ. ಇದು ಬೀದಿಯಲ್ಲ, ಇಲ್ಲಿರುವ ಮನೆಗಳೆಲ್ಲ ಸೇರಿ ಇಟ್ಟುಕೊಂಡಿರುವ ಅಂಗಳ ಎಂದು ತಿಳಿಸಿ ಹೇಳಿದೆ. ಒಬ್ಬ ತನ್ನ ಬಾಗಿಲನ್ನು ಒಂದು ಗೇಣು ಆಚೆ ಸರಿಸಬೇಕಾದರೂ ಮಿಕ್ಕವರನ್ನು ಕೇಳಬೇಕು. ಎದುರು ಮನೆಯ ಬಾಗಿಲಿಗೆ ಎದುರಾಗಿ ಬಾಗಿಲಿಡಬಾರದು, ಓಣಿಯ ಕಡೆಗೆ ಕಿಟಕಿ ತೆಗೆಯಬಾರದು. ಹೀಗಿರುವಾಗ ನೀವು ಬಂದು ಬಸ್ಸು ನುಗ್ಗಿಸುತ್ತೀರಾ? ಅವಳು ಎಲ್ಲವನ್ನೂ ಕೇಳಿಸಿಕೊಂಡಳು. "ಬಲವಂತ ಏನಿಲ್ಲ ಮಾವ. ಮೂರು ಮನೆಯೋರೂ ಬೇಡ ಅಂದ್ರೆ ಬೇಡ. ಚರ್ಮದೋರ ಓಣಿ ಕಡೆಯಿಂದ ದಾರಿ ಮಾಡ್ತೀವಿ," ಎಂದಳು.

ಮೂರು ಮನೆ ಎಂದರೆ ನಮ್ಮದು, ತೀಜಾನಿ ಮೇಷ್ಟರದು, ದಲಂದಾಳದು. ಅವತ್ತೇ ಅವರಿಬ್ಬರನ್ನೂ ನಮ್ಮ ಬಾಗಿಲ ಬಳಿ ಕೂಡಿಸಿದೆ. ಮನೆ ಬಿಟ್ಟುಕೊಡುವುದಿಲ್ಲವೆಂದು ರೊಟ್ಟಿಯ ಮೇಲೆ ಕೈಯಿಟ್ಟು ಆಣೆ ಮಾಡೋಣ ಎಂದೆ. ನಿನ್ನ ಅಕ್ಕ ಮಬ್ರೂಕಾ ಒಳಗಿನಿಂದ ರೊಟ್ಟಿ ತಂದು ನಮ್ಮ ಮಧ್ಯೆ ಇಟ್ಟು ಹೋದಳು. ನಾವು ಮೂವರೂ ಕೈಯಿಟ್ಟೆವು. ಮಾತು ತಪ್ಪಿದವರ ಬಾಗಿಲಿಗೆ ಡಾಂಬರು ಬಳಿಯುತ್ತೇನೆ ಎಂದು ನಾನು ಕೂಗಿ ಹೇಳಿದೆ. ಓಣಿಯ ಆ ತುದಿಯವರೆಗೆ ಕೇಳಿಸಿತಂತೆ.

ಕೆಲವು ವಾರ ಕಳೆದ ಮೇಲೆ ರನೀಮ್ ಮತ್ತೆ ಬಂದಳು. ಬೂಟಿನ ತುದಿಯನ್ನೇ ನೋಡುತ್ತ, "ಮಾವ, ಒಂದು ಮನೆಯೋರು ಒಪ್ಪಿದ್ದಾರೆ," ಎಂದಳು.

"ಯಾರು?"

"ಹೆಸರು ಹೇಳ್ಬೇಡ ಅಂದಿದ್ದಾರೆ. ಅವರೇ ಹೇಳ್ತಾರಂತೆ."

ಜಾಜಿಯಾ, ಸಿಟ್ಟು ಬಂತು, ಅದು ದೊಡ್ಡ ವಿಷಯವಲ್ಲ, ನನಗೆ ಸಿಟ್ಟು ಬಾರದ ದಿನ ಯಾವುದು? ಆದರೆ ಈ ಸಲ ಸಿಟ್ಟಿಗಿಂತ ಹೆಚ್ಚಾಗಿ ಇನ್ನೊಂದು ಹಿಡಿದುಕೊಂಡಿತು. ಯಾರು? ಯಾಕೆ? ಹಲ್ಲಿನ ಸಂದಿಯಲ್ಲಿ ಮಾಂಸದ ಎಳೆ ಸಿಕ್ಕಿಕೊಂಡರೆ ನಾಲಿಗೆ ಅಲ್ಲಿಗೇ ಹೋಗುತ್ತದಲ್ಲ, ಹಾಗೆ. ಮೂವತ್ತು ವರ್ಷ ಸೂಸಾ ಪಟ್ಟಣಕ್ಕೆ ಬಾಡಿಗೆ ಗಾಡಿ ಓಡಿಸಿದವನು ನಾನು. ಹಿಂದೆ ಕೂತವರು ಯಾಕೆ ಹೊರಟಿದ್ದಾರೆ, ಸಾವಿಗೋ ಮದುವೆಗೋ ಕೋರ್ಟಿಗೋ ಎಂದು ಕನ್ನಡಿಯಲ್ಲಿ ನೋಡಿಯೇ ಹೇಳುತ್ತಿದ್ದೆ. ನನ್ನ ಓಣಿಯಲ್ಲೇ ನನಗೆ ಗೊತ್ತಾಗದಿದ್ದರೆ ಹೇಗೆ?

ಮೊದಲು ಮೇಷ್ಟರ ಮೇಲೆ ಕಣ್ಣಿಟ್ಟೆ. ತೀಜಾನಿ ದಿನಾ ಸಂಜೆ ರಟ್ಟಿನ ಪೆಟ್ಟಿಗೆ ಹೊತ್ತು ಹೊರಗೆ ಹೋಗುತ್ತಿದ್ದ. ಮನೆ ಖಾಲಿ ಮಾಡುವವನ ನಡಿಗೆ. ಒಂದು ಸಂಜೆ ಅಡ್ಡ ನಿಂತೆ.

"ಏನಿದು ಮೇಷ್ಟ್ರೇ, ಸ್ವಲ್ಪಸ್ವಲ್ಪವಾಗಿ ಸಾಗಿಸ್ತಿದ್ದೀರಾ?"

"ಮೂರನೇ ಕ್ಲಾಸಿಂದ ಓಡಿಹೋದೋನು ಈಗ ಪೊಲೀಸ್ ಆದ್ಯೇನಯ್ಯ?"

"ಪೆಟ್ಟಿಗೆ ಬಿಚ್ಚಿ."

"ಬಿಚ್ಚಲ್ಲ."

ನಾನೇ ಬಿಚ್ಚಿದೆ. ಹಳೆಯ ಭೂಗೋಳದ ಪುಸ್ತಕಗಳು, ಅಂಚೆಲ್ಲ ಇಲಿ ತಿಂದದ್ದು, ಒಳಗೆ ಇಲಿಯ ಹಿಕ್ಕೆ. ತೀಜಾನಿ ಗಡ್ಡ ಕೆರೆದುಕೊಳ್ಳುತ್ತ, "ನೋಡು, ಚೆನ್ನಾಗಿ ನೋಡು. ಆಫ್ರಿಕಾನ ಅರ್ಧ ತಿಂದುಬಿಟ್ಟಿದೆ. ಗುಜರಿಯೋನಿಗೆ ಕೊಡೋಕೆ ಹೋಗ್ತಿದೀನಿ, ನಿನಗೆ ಬೇಕಾದ್ರೆ ಇಟ್ಕೋ," ಎಂದ. ಓಣಿಯ ಹೆಂಗಸರು ಬಾಗಿಲ ಹಿಂದೆ ನಕ್ಕದ್ದು ಕೇಳಿಸಿತು. ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದುಕೊಂಡು ಗುಜರಿಯವನ ತನಕ ನಾನೇ ಹೋದೆ. ಮತ್ತೇನು ಮಾಡಲಿ?

ಉಳಿದವಳು ದಲಂದಾ. ವಿಧವೆ, ಒಬ್ಬಳೇ, ಮಗ ಬೇರೆ ಊರಿನಲ್ಲಿ. ಕೊಡ ಹೊತ್ತು ನೀರು ತರಲು ಕಷ್ಟಪಡುತ್ತಾಳೆ. ಇವಳೇ ಇರಬೇಕು, ಹೊಸ ಮನೆಯ ನಲ್ಲಿ ನೀರಿಗೆ ಮನಸ್ಸು ಕರಗಿರಬೇಕು ಎಂದುಕೊಂಡೆ. ಮೊನ್ನೆ ಮಂಗಳವಾರ ಮಧ್ಯಾಹ್ನ ಅವಳ ಬಾಗಿಲು ತಟ್ಟಿದೆ. ಅವಳು ಮಾಳಿಗೆಯ ಮೇಲಿಂದಲೇ ಕೂಗಿದಳು.

"ಯಾರೋ ಅದು, ಬಾಗಿಲು ಮುರೀತಿರೋದು?"

"ನಾನು. ಹಮ್ಮಾದಿ. ಒಂದು ಮಾತು ಕೇಳ್ಬೇಕಿತ್ತು."

"ಅದೇ ಮಾತು ತಾನೇ? ಓಣಿಯೆಲ್ಲ ಕೇಳಿ ಈಗ ನನ್ ಸರದಿ. ಮೇಲೆ ಬಾ, ಬಂದು ನೋಡು."

ಹತ್ತಿದೆ. ಮಾಳಿಗೆ ತುಂಬ ಕೆಂಪು ಮೆಣಸಿನಕಾಯಿ. ದಾರಕ್ಕೆ ಪೋಣಿಸಿ ಗೋಡೆಯಿಂದ ಗೋಡೆಗೆ ಕಟ್ಟಿದ್ದಾಳೆ, ಕಾಲಿಡಲು ಜಾಗವಿಲ್ಲ. ಅವಳು ಮಧ್ಯದಲ್ಲಿ ಕೂತು ತೊಟ್ಟು ಮುರಿಯುತ್ತಿದ್ದಳು.

"ಎರಡು ಮೂಟೆ ತರಿಸಿದೀನಿ, ಬರೋ ಬೇಸಿಗೆವರೆಗೂ ಹರೀಸಾ ಖಾರ ಅರೆಯೋಕೆ ಸಾಕು. ಮನೆ ಬಿಡೋಳು ಯಾರಾದ್ರೂ ಹಿಂಗ್ ಮಾಡ್ತಾಳೇನೋ? ಆ ಹೊಸ ಗೂಡಲ್ಲಿ ಇದನ್ನೆಲ್ಲಿ ಒಣಗಿಸ್ಲಿ, ನಿನ್ ತಲೆ ಮೇಲಾ?"

ಅವಳು ಒಂದು ಕಾಯಿ ಎತ್ತಿ ನನ್ನ ಕಡೆ ತೋರಿಸಿ, "ಹಮ್ಮಾದಿ, ಬೇರೆಯೋರ ಮನೆ ನೋಡಿದ್ದಾಯ್ತು. ಈ ಸಲ ನಿಮ್ಮನೇಲಿ ಯಾಕೋ ಮೆಣಸಿನಕಾಯಿ ಕಟ್ಟಿಲ್ಲ?" ಎಂದಳು.

ಹೌದು, ಕಟ್ಟಿರಲಿಲ್ಲ. ನಾನು ಗಮನಿಸಿಯೇ ಇರಲಿಲ್ಲ. ಮೆಟ್ಟಿಲಿಳಿದು ಮನೆಗೆ ಬಂದೆ. ಮಬ್ರೂಕಾ ಅಂಗಳದಲ್ಲಿ ಕೂಸ್‌ಕೂಸ್ ರವೆ ಜರಡಿ ಹಿಡಿಯುತ್ತಿದ್ದಳು. ನಾನು ಅವಳ ಹತ್ತಿರ ನಿಲ್ಲದೆ ಒಳಗೆ ಮಗ್ಗದ ಕೋಣೆಗೆ ಹೋದೆ.

ಮಗ್ಗ ಬರಿದಾಗಿತ್ತು.

ನಿನಗೆ ಇದರ ಅರ್ಥ ಹೇಳಬೇಕಿಲ್ಲ. ನಿಮ್ಮಮ್ಮ ನಿಮ್ಮಿಬ್ಬರಿಗೂ ಕಲಿಸಿದ್ದು ಅದೇ ಮಗ್ಗದಲ್ಲಿ. ಒಂದು ಜಮಖಾನೆ ಕತ್ತರಿಸಿ ಇಳಿಸಿದ ದಿನವೇ ಮುಂದಿನದಕ್ಕೆ ಹಾಸಿನ ದಾರ ಎಳೆಯಬೇಕು, ಮರ ಖಾಲಿ ನಿಲ್ಲಬಾರದು. ಮದುವೆಯಾದಾಗಿನಿಂದ ಆ ಮರ ಬೋಳಾಗಿರುವುದನ್ನು ನಾನು ನೋಡಿರಲಿಲ್ಲ. ದಾರ ಎಳೆದು ಬಿಗಿದ ಮೇಲೆ ಅದನ್ನು ಸಾಗಿಸಲು ಬರುವುದಿಲ್ಲ, ಸಡಿಲವಾದರೆ ನೇಯ್ದದ್ದೆಲ್ಲ ಹಾಳು. ಅಂದರೆ ಹಾಸು ಎಳೆಯದೆ ಬಿಟ್ಟವಳು ಮಗ್ಗವನ್ನು ಎಲ್ಲಿಗೋ ಒಯ್ಯಬೇಕೆಂದಿದ್ದಾಳೆ.

ಹೊರಗೆ ಬಂದು, "ಮಗ್ಗ ಯಾಕೆ ಖಾಲಿ?" ಎಂದು ಕೇಳಿದೆ.

ಅವಳು ಜರಡಿ ನಿಲ್ಲಿಸಲಿಲ್ಲ. "ನೋಡಿದ್ರಾ? ನೀವು ನೋಡ್ಲಿ ಅಂತಾನೇ ಕಾಯ್ತಿದ್ದೆ. ಇಳಿಸಿ ಎಷ್ಟೋ ದಿನ ಆಯ್ತು."

"ಒಪ್ಪಿದೋಳು ನೀನಾ?"

"ಮನೆ ಯಾರ ಹೆಸರಲ್ಲಿದೆಯೋ ಅವರನ್ನ ಕೇಳಿದ್ರು. ನಮ್ಮಪ್ಪ ನನಗೆ ಬರೆದಿಟ್ಟಿರೋ ಮನೆ. ಹೂಂ ಅಂದೆ."

"ರೊಟ್ಟಿ ಮೇಲೆ ಆಣೆ ಮಾಡಿದ್ವಿ!"

"ನೀವು ಮಾಡಿದ್ರಿ. ನಾನು ರೊಟ್ಟಿ ತಂದಿಟ್ಟೆ ಅಷ್ಟೆ."

ಕೂಗಿದೆ, ಜಾಜಿಯಾ. ಸುಳ್ಳು ಹೇಳುವುದಿಲ್ಲ, ಬಾಯಿಗೆ ಬಂದದ್ದೆಲ್ಲ ಕೂಗಿದೆ. ನಿಮ್ಮಪ್ಪ ನಿನಗೆ ಆಲಿವ್ ಮರಗಳನ್ನೂ ಅವಳಿಗೆ ಮನೆಯನ್ನೂ ಹಂಚಿದ್ದು ನನಗೆ ಮರೆತೇ ಹೋಗಿತ್ತು. ಸುಣ್ಣ ಬಳಿದವನು ನಾನು, ಮಾಳಿಗೆ ಸೋರಿದರೆ ಹತ್ತಿದವನು ನಾನು, ಇದು ನನ್ನ ಮನೆಯೇ ಎಂದುಕೊಂಡಿದ್ದೆ. ಅವಳು ನಾನು ಮುಗಿಸುವ ತನಕ ಜರಡಿ ಆಡಿಸುತ್ತಲೇ ಇದ್ದಳು. ಕೊನೆಗೆ ಯಾಕೆ ಎಂದು ಕೇಳಿದೆ. ನಲ್ಲಿ ನೀರಿಗೋ? ದಲಂದಾಳ ಬಾಯಿಗೆ ಹೆದರಿಯೋ?

"ಕಿಟಕಿಗೆ," ಎಂದಳು.

ನನಗೆ ತಲೆಬುಡ ತಿಳಿಯಲಿಲ್ಲ.

"ನಾನು ಹೊರಗೆ ಹೋಗಿಲ್ಲ ಅಂತಲ್ಲ. ಪೇಟೆಗೆ ಹೋಗ್ತೀನಿ, ಸ್ನಾನಕ್ಕೆ ಹಮಾಮಿಗೆ ಹೋಗ್ತೀನಿ, ಮದುವೆಗೆ ಹೋಗ್ತೀನಿ. ಹೋಗ್ತೀನಿ, ಕೆಲಸ ಮಾಡ್ತೀನಿ, ಬರ್ತೀನಿ. ಮಿಕ್ಕಿದ್ದೆಲ್ಲ ಗೋಡೆ ಕಡೆ ಮುಖ ಮಾಡ್ಕೊಂಡು ನೇಯೋದು. ಓಣೀಲಿ ಯಾರು ಹೋದ್ರೂ ಹೆಜ್ಜೇಲೇ ಗೊತ್ತಾಗತ್ತೆ. ಮೇಷ್ಟ್ರು ಎಡಗಾಲು ಎಳೀತಾರೆ. ಹಾಲಿನ ಹುಡುಗಿ ಕುಣಿದುಕೊಂಡು ಹೋಗ್ತಾಳೆ. ಯಾಕೆ ಕುಣೀತಾಳೋ, ಯಾರನ್ನ ನೋಡಿ ಕುಣೀತಾಳೋ, ಗೊತ್ತಿಲ್ಲ. ಕೇಳಿಸತ್ತೆ, ಕಾಣ್ಸಲ್ಲ. ನೀವು ಮೂವತ್ತು ವರ್ಷ ಗಾಡಿ ಗಾಜಿನ ಹಿಂದೆ ಕೂತು ಪ್ರಪಂಚ ನೋಡಿದ್ರಿ. ನನಗೂ ಒಂದು ಗಾಜು ಬೇಕು."

ಆ ಹುಡುಗಿ ರನೀಮ್ ಇವಳನ್ನು ಕಟ್ಟಡಕ್ಕೆ ಕರೆದುಕೊಂಡು ಹೋಗಿದ್ದಳಂತೆ. ಮೂರನೆಯ ಅಂತಸ್ತು, ಇನ್ನೂ ಗಾರೆಯಾಗಿಲ್ಲ. ಅಲ್ಲಿಂದ ಬಸ್ ನಿಲ್ದಾಣ ಕಾಣುತ್ತದಂತೆ, ಕೋಳಿ ಮಾರುವವರು ಕಾಣುತ್ತಾರಂತೆ, ಇಬ್ಬರು ಜಗಳವಾಡುತ್ತಿದ್ದರಂತೆ, ಮಾತು ಕೇಳಿಸುತ್ತಿರಲಿಲ್ಲ, ಕೈ ಮಾತ್ರ ಕಾಣುತ್ತಿತ್ತಂತೆ. ಯಾವುದಕ್ಕೆ ಜಗಳ ಇರಬಹುದು ಎಂದು ಅವಳು ನನ್ನನ್ನು ಕೇಳಿದಳು. ನನಗೇನು ಗೊತ್ತು? ಆದರೂ ನನಗೂ ತಿಳಿಯಬೇಕೆನಿಸಿತು, ಅದನ್ನು ಅವಳಿಗೆ ಹೇಳಲಿಲ್ಲ.

ತೀಜಾನಿ ನಿನ್ನೆ ಕೇಳಿದ, "ಏನಯ್ಯ, ಸಿಕ್ಕಿದ್ನಾ ಕಳ್ಳ?" ಎಂದು. ಸಿಕ್ಕಿದ, ಡಾಂಬರು ಕೊಳ್ಳಲು ಹೋಗುತ್ತಿದ್ದೇನೆ ಎಂದೆ. ಅವನು ನನ್ನ ಮುಖ ನೋಡಿ ಚಹಾ ತರಿಸಿದ. ನಾಳೆ ಶನಿವಾರ ನಾನೇ ಅವರಿಬ್ಬರನ್ನೂ ಕೂಡಿಸಿ ಹೇಳುತ್ತೇನೆ. ದಲಂದಾಳಿಗೆ ಆಗಲೇ ಗೊತ್ತು ಬಿಡು. ಇಬ್ಬರೂ ನನ್ನ ಮುಖಕ್ಕೆ ಉಗಿದರೆ ಒರೆಸಿಕೊಳ್ಳುತ್ತೇನೆ. ಮನೆ ಅವಳದು. ಬೀಳಿಸುವುದು ಬಿಡುವುದು ಅವಳಿಗೆ ಸೇರಿದ್ದು. ಅಷ್ಟು ನನಗೆ ಮೂರನೇ ಕ್ಲಾಸಿನಲ್ಲೇ ಅರ್ಥವಾಗುತ್ತಿತ್ತು.

ನಿನ್ನ ಮಕ್ಕಳಿಗೆ ನನ್ನ ಮುತ್ತು. ದೇವರು ಅವರ ಕಣ್ಣು, ಕೈಕಾಲು ಗಟ್ಟಿಯಾಗಿಟ್ಟಿರಲಿ, ನಿನ್ನ ಗಂಡನಿಗೆ ಮೀನಿನ ಜೊತೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ. ಚಳಿ ಬರುತ್ತಿದೆ, ಎದೆ ಬೆಚ್ಚಗಿಟ್ಟುಕೋ.

ನಿನ್ನ ಭಾವ,
ಹಮ್ಮಾದಿ

ಮತ್ತೆ: ಮೇಲಿನದೆಲ್ಲ ರಸ್ತೆಯ ವಿಷಯ, ಅದನ್ನು ಯಾರಿಗೆ ಬೇಕಾದರೂ ಹೇಳಿಯೇನು. ಇದು ನಿನಗೆ ಮಾತ್ರ. ಮೊನ್ನೆ ಸಂಜೆ ನನ್ನ ಸಿಟ್ಟು ಇಳಿದ ಮೇಲೆ ಅವಳು ಸೀಮೆಸುಣ್ಣ ಹಿಡಿದು ಅಂಗಳದ ಕಲ್ಲಿನ ಮೇಲೆ ಆ ಹೊಸ ಮನೆಯನ್ನು ಬರೆದು ತೋರಿಸಿದಳು. ಇಲ್ಲಿ ಮಗ್ಗ, ಇಲ್ಲಿ ಉಣ್ಣೆಯ ಬುಟ್ಟಿ, ಇಲ್ಲಿ ಒಲೆ, ಕಿಟಕಿಯ ಪಕ್ಕಕ್ಕೆ ಒಂದು ಕುರ್ಚಿ. ನೀನು ಬಂದರೆ ನಿನಗೆ ಹಾಸಿಗೆ ಎಲ್ಲಿ ಹಾಕುವುದು ಎಂಬುದನ್ನೂ ಬರೆದಳು. ಕುರ್ಚಿ ಒಂದೇ. ನಾನು ಪಕ್ಕದಲ್ಲೇ ನಿಂತು ಕೊನೆಯವರೆಗೂ ನೋಡಿದೆ. ನನ್ನ ಚಪ್ಪಲಿ ಬಿಡುವ ಜಾಗ ಎಲ್ಲೂ ಬರಲಿಲ್ಲ. ಅದನ್ನೇನು ಬರೆಯುವುದು ಎಂದುಕೊಂಡಳೋ, ಅಥವಾ ಅಲ್ಲಿ ನನಗೆ ಜಾಗವೇ ಇಲ್ಲವೋ? ಊರನ್ನೆಲ್ಲ ಕೇಳುತ್ತ ತಿರುಗಿದವನಿಗೆ ಇದೊಂದನ್ನು ಕೇಳಲು ಬಾಯಿ ಬರುತ್ತಿಲ್ಲ. ಅವಳು ನಿನ್ನ ಹತ್ತಿರ ಎಲ್ಲ ಹೇಳುತ್ತಾಳೆ. ಆ ಮನೆಗೆ ನಾನೂ ಹೋಗುತ್ತೇನೆಯೇ, ಜಾಜಿಯಾ? ಉತ್ತರವನ್ನು ಮನೆಗೆ ಹಾಕಬೇಡ, ಗಾಡಿ ನಿಲ್ದಾಣದ ಚಹಾದಂಗಡಿಗೆ ಹಾಕು. ಸುತ್ತಿ ಬಳಸಿ ಬರೆಯಬೇಡ. ಹೌದು, ಇಲ್ಲ, ಒಂದು ಸಾಲು ಸಾಕು.