ಬಲತುದಿಯಲ್ಲಿ ಒಬ್ಬ ಸ.ಸಿ.

೧೪ನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮನ ನಮಸ್ಕಾರಗಳು. ಇಲ್ಲಿ ನಾವೆಲ್ಲ ಆರಾಮ. ನೀನು, ಭಾವ, ಮಕ್ಕಳು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಪತ್ರ ಬಂದರೂ ಉತ್ತರ ಬರೆಯದೆ ಕೂತವನು ನಾನು. ಬೈಯುವುದಿದ್ದರೆ ಈಗಲೇ ಬೈಯಬೇಡ, ಸ್ವಲ್ಪ ಉಳಿಸಿಕೋ, ಮುಂದೆ ಬೇಕಾಗುತ್ತದೆ. ಕೆಲಸ ಜಾಸ್ತಿ ಇತ್ತು ಎಂದು ಬರೆಯೋಣವೆಂದುಕೊಂಡಿದ್ದೆ. ಕೆಲಸವೇನೋ ಇತ್ತು, ಆದರೆ ತಡವಾದದ್ದು ಅದರಿಂದಲ್ಲ.

ಅಪ್ಪ ಗಟ್ಟಿಮುಟ್ಟಾಗಿದ್ದಾರೆ. ಮಂಡಿ ನೋವು ಇದ್ದದ್ದೇ. ನನ್ನವಳು ಸಿಂಕಿನಲ್ಲಿ ಇಟ್ಟ ಲೋಟಗಳನ್ನು ಅವಳು ಈಚೆ ಬರುವಷ್ಟರಲ್ಲಿ ತೊಳೆದು ಬೋರಲು ಹಾಕಿರುತ್ತಾರೆ. ಬಿಡಿ ಮಾವ ಎಂದರೆ ಕೇಳುವುದಿಲ್ಲ. ಮೂವತ್ತೊಂದು ವರ್ಷ ಗಾಜು ತೊಳೆದ ಕೈ, ಸುಮ್ಮನೆ ಕೂತರೆ ತುಕ್ಕು ಹಿಡಿಯುತ್ತೆ ಅನ್ನುತ್ತಾರೆ. ಒಂದು ಲೋಟದಲ್ಲೂ ಕಲೆ ಇರುವುದಿಲ್ಲ.

ನೀನು ಎರಡು ಪತ್ರದಲ್ಲೂ ಕೇಳಿದ್ದು ಒಂದೇ ಮಾತು: ವಿಶ್ವವಿದ್ಯಾಲಯದ ನೂರನೇ ವರ್ಷದ ಪುಸ್ತಕ ಬಂತಾ, ಅದರಲ್ಲಿ ಅಪ್ಪ ಇದ್ದಾರಾ? ಪುಸ್ತಕ ಬಂತು, ಅಕ್ಕ. ಅಪ್ಪನ ಫೋಟೋ ಇದೆ, ಹೆಸರಿಲ್ಲ. ಪುಸ್ತಕ ತಿದ್ದಿದವನು ನಾನೇ.

ಮೊದಲಿಂದ ಹೇಳುತ್ತೇನೆ. ನಮ್ಮಲ್ಲಿ ಪ್ರತಿ ವಿಭಾಗಕ್ಕೂ ತನ್ನದೇ ಶಾರ್ಟ್ ಫಾರ್ಮಿನ ಹುಚ್ಚು. ವಿಜ್ಞಾನ ಕೇಂದ್ರದವರೂ 'ವಿ.ಕೇಂ.', ವಿಸ್ತರಣಾ ಕೇಂದ್ರದವರೂ 'ವಿ.ಕೇಂ.', ಸಾಲದ್ದಕ್ಕೆ ವಿದ್ಯಾರ್ಥಿ ಕೇಂದ್ರದವರೂ ಅದೇ. ಹೋದ ವರ್ಷ 'ನೂರು ಕುರ್ಚಿ ವಿ.ಕೇಂ.ಗೆ ಕಳಿಸಿ' ಎಂದು ಚೀಟಿ ಹೋಗಿ, ಕುರ್ಚಿಗಳು ಒಂದು ಕಡೆ, ಸಭೆ ಇನ್ನೊಂದು ಕಡೆ. ಮುಖ್ಯ ಅತಿಥಿ ನಿಂತುಕೊಂಡೇ ಭಾಷಣ ಮಾಡಿದರು. ಆಮೇಲೆ ಕುಲಸಚಿವರು ನನ್ನನ್ನು ಕರೆದು, ಇದಕ್ಕೊಂದು ಗತಿ ಕಾಣಿಸಿ ಅಂದರು. ನಾನು ನಿಯಮ ಬರೆದೆ. ಮೊದಲ ಸಲ ಪೂರ್ತಿ, ಆಮೇಲೆ ಚುಟುಕು. ಒಂದು ಚುಟುಕಿಗೆ ಒಂದೇ ಅರ್ಥ. ಮನುಷ್ಯರ ಹೆಸರು ಯಾವಾಗಲೂ ಪೂರ್ತಿ, ಹೆಸರು ತಿಳಿಯದಿದ್ದರೆ ಮಾತ್ರ ಹುದ್ದೆಯ ಚುಟುಕು. ಗುಮಾಸ್ತರಿಂದ ಹಿಡಿದು ಡೀನ್‌ವರೆಗೆ ಎಲ್ಲರ ಕಾಗದದಲ್ಲೂ ಕೆಂಪು ಶಾಯಿ ಹಾಕಿದೆ. ಬೆನ್ನ ಹಿಂದೆ ನನ್ನನ್ನು 'ಚುಕ್ಕಿ ಸಾರ್' ಅನ್ನುತ್ತಾರೆ. ನನಗೆ ಅದು ಒಳಗೊಳಗೇ ಖುಷಿ.

ಈ ಗೀಳು ಎಲ್ಲಿಂದ ಬಂತೆಂದು ನಿನಗೆ ಗೊತ್ತು. ಅಪ್ಪನ ಬಲಗೈಯ ಕೊನೆಯ ಎರಡು ಬೆರಳು ಮಡಚುವುದಿಲ್ಲವಲ್ಲ, ಯಾರೋ ಪುಣ್ಯಾತ್ಮ ಸೀಸೆಯ ಮೇಲೆ ಎರಡೇ ಅಕ್ಷರ ಗೀಚಿ ಆಸಿಡ್ ಇಟ್ಟು ಹೋದದ್ದರಿಂದ. ಅಂದಿನಿಂದ ಆ ಪ್ರಯೋಗಾಲಯದ ಪ್ರತಿ ಸೀಸೆಗೂ ಅಪ್ಪನೇ ದುಂಡಗೆ ಪೂರ್ತಿ ಹೆಸರು ಬರೆದು ಅಂಟಿಸಿದರು. ಮನೆಯಲ್ಲೂ ಅಷ್ಟೇ ಅಲ್ಲವಾ? 'ಸಕ್ಕರೆ, ಪುಡಿ ಮಾಡದ್ದು' ಎಂದು ಡಬ್ಬಿಯ ಮೇಲೆ ಬರೆದದ್ದನ್ನು ನೋಡಿ ನೀನು ನಕ್ಕಿದ್ದೆ. "ಅರ್ಧ ಹೆಸರಿನ ಸೀಸೆ ಮುಟ್ಟಬೇಡ ಮಗಾ" ಎಂದು ನನಗೆ ಅದೆಷ್ಟು ಸಲ ಹೇಳಿದ್ದಾರೋ.

ಇನ್ನು ಹೇಳಲೇಬೇಕಾದ್ದು. ನಾನು ಇಲ್ಲಿ ಕೆಲಸಕ್ಕೆ ಸೇರಿದ ದಿನ, ನಮ್ಮ ತಂದೆಯೂ ಇಲ್ಲೇ ಇದ್ದರು, ರಸಾಯನಶಾಸ್ತ್ರ ವಿಭಾಗದಲ್ಲಿ, ಎಂದೆ. ಓಹೋ, ಮೇಷ್ಟರ ಮಗ ಅನ್ನಿ ಎಂದರು. ನಾನು ಹಲ್ಲು ಬಿಟ್ಟು ಸುಮ್ಮನಾದೆ. ಸುಳ್ಳು ಹೇಳಲಿಲ್ಲ, ತಿದ್ದಲೂ ಇಲ್ಲ. ಊರಿನವರ ಕಾಗದವನ್ನೆಲ್ಲ ತಿದ್ದುವವನು ಆ ಒಂದು ಮಾತನ್ನು ಹತ್ತೊಂಬತ್ತು ವರ್ಷ ಹಾಗೇ ಬಿಟ್ಟೆ. ಅಪ್ಪನನ್ನು ಒಮ್ಮೆಯೂ ನನ್ನ ಕೋಣೆಗೆ ಕರೆದುಕೊಂಡು ಹೋಗಲಿಲ್ಲ. ಮೆಟ್ಟಿಲು ಜಾಸ್ತಿ, ನಿಮ್ಮ ಮಂಡಿಗೆ ಆಗಲ್ಲ ಅನ್ನುತ್ತಿದ್ದೆ. ನನ್ನ ಕೋಣೆ ನೆಲಮಹಡಿಯಲ್ಲೇ ಇದೆ, ಮೂರೇ ಮೆಟ್ಟಿಲು.

ಪುಸ್ತಕದ ಸಭೆಗೆ ಗ್ರಂಥಪಾಲಕಿ ಒಂದು ಹಳೆಯ ಫೋಟೋ ತಂದರು. ಮೊದಲ ಪ್ರಯೋಗಾಲಯದ ಮುಂದೆ ಕೋಟು ಹಾಕಿದ ಐದು ಜನ. ಬಲತುದಿಯಲ್ಲಿ ಸೀಸೆ ತೊಳೆಯುವ ಬ್ರಷ್ ಹಿಡಿದುಕೊಂಡು ಆರನೆಯವರು. ದಪ್ಪ ಮೀಸೆ, ಬಾಚಿದ ಕೂದಲು. ಆ ಐವರಲ್ಲಿ ಮೂವರ ಹೆಸರು ಮೇಜಿನ ಸುತ್ತ ಕೂತ ಯಾರಿಗೂ ಗೊತ್ತಿರಲಿಲ್ಲ. ಪತ್ತೆ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಫೋಟೋ ತೆಗೆದುಕೊಂಡು ಹೋಗಿ, ವಾರದಲ್ಲಿ ಐದು ಹೆಸರನ್ನೂ ಅವರವರ ತಂದೆಯ ಹೆಸರಿನ ಸಮೇತ ತಂದುಕೊಟ್ಟೆ. ಕಚೇರಿಯ ಹಳೇ ಕಡತದಲ್ಲಿ ಸಿಕ್ಕಿತು ಎಂದೆ. ಎಲ್ಲರೂ ಭೇಷ್ ಅಂದರು.

ಗ್ರಂಥಪಾಲಕಿ ಒಳ್ಳೆಯ ಹೆಂಗಸು. ಆಕೆ ಮಾತ್ರ ಬಿಡಲಿಲ್ಲ.

"ಈ ಬ್ರಷ್ ಹಿಡ್ಕೊಂಡು ನಿಂತಿರೋರು ಯಾರು ಸಾರ್? ಎಷ್ಟು ಚೆನ್ನಾಗಿ ನಗ್ತಿದಾರೆ ನೋಡಿ."

"ಗೊತ್ತಾಗಲಿಲ್ಲ," ಅಂದೆ. "ನಿಯಮದ ಪ್ರಕಾರ 'ಒಬ್ಬ ಸ.ಸಿ.' ಅಂತ ಹಾಕಿ."

ಸ.ಸಿ. ಎಂದರೆ ಸಹಾಯಕ ಸಿಬ್ಬಂದಿ. ಆಕೆ ಪಾಪ, ಯಾರಾದರೂ ಹೇಳಿಯಾರು ಎಂದು ಆ ಜಾಗವನ್ನು ಹದಿನೈದು ದಿನ ಖಾಲಿ ಬಿಟ್ಟಿದ್ದರು. ನಾನು ದಿನವೂ ಆ ಕರಡು ನೋಡುತ್ತಿದ್ದೆ. ಅಚ್ಚಿಗೆ ಹೋಗುವ ದಿನ ನನ್ನ ಕೈಯಿಂದಲೇ ಆ ಎರಡು ಅಕ್ಷರ, ಎರಡು ಚುಕ್ಕಿ ತುಂಬಿದೆ.

ಪುಸ್ತಕ ಮನೆಗೆ ತರದೆ ಇರಬಹುದಿತ್ತು. ನನ್ನವಳೇ ಮಾವನಿಗೆ ತೋರಿಸಲೆಂದು ಚೀಲದಿಂದ ತೆಗೆದುಕೊಂಡಳು. ಅಪ್ಪ ಮೂರು ದಿನ ಕಿಟಕಿಯ ಹತ್ತಿರ ಕೂತು ಮೊದಲ ಪುಟದಿಂದ ಬೆರಳಿಟ್ಟು ಓದಿದರು. ಮೂರನೇ ದಿನ ಕರೆದರು. ಫೋಟೋದ ಪುಟ ತೆರೆದಿತ್ತು.

"ಸ.ಸಿ. ಅಂದ್ರೇನಪ್ಪಾ?"

ಕೊನೆಯಲ್ಲಿ ಚುಟುಕುಗಳ ಪಟ್ಟಿ ಇದೆ, ನೋಡಿ ಅಂದೆ. ಅವರು ನಿಧಾನವಾಗಿ ಪುಟ ತಿರುಗಿಸಿ, ಪಟ್ಟಿಯ ಮೇಲಿಂದ ಕೆಳಗೆ ಬೆರಳು ಎಳೆಯುತ್ತಾ ಬಂದು, ಸಿಕ್ಕಿದ ಮೇಲೆ ಗಟ್ಟಿಯಾಗಿ ಓದಿದರು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಎಲ್ಲಾ ಕಡೆ ಒಂದೇ ಥರ ಹಾಕಿದೀಯ. ಒಂದ್ಕಡೇನೂ ತಪ್ಪಿಲ್ಲ," ಅಂದರು. ಆಮೇಲೆ ಮತ್ತೆ ಫೋಟೋಗೆ ಬಂದು, "ಈ ಐದು ಜನದ ಹೆಸರು ಇಷ್ಟು ಪೂರ್ತಿಯಾಗಿ ಎಲ್ಲಿ ಸಿಕ್ತು ನಿನಗೆ?" ಎಂದು ಕೇಳಿದರು.

ಕಡತದಲ್ಲಿ ಅಂದೆ. ಹೂಂ ಅಂದು ಪುಸ್ತಕ ಮುಚ್ಚಿದರು. ಕುಡಿಯಲು ನೀರು ಕೇಳಿದರು, ತಂದುಕೊಟ್ಟೆ. ಅವತ್ತಿನಿಂದ ಆ ಪುಸ್ತಕ ಮುಟ್ಟಿಲ್ಲ. ನನ್ನ ಜೊತೆ ಮಾತುಕತೆ ಎಂದಿನಂತೆಯೇ ಇದೆ, ಊಟ ಆಯ್ತಾ ಎಂದೂ ಕೇಳುತ್ತಾರೆ. ನಾಚಿಕೆಯಿಂದ ನನಗೇ ಅವರ ಮುಖ ನೋಡಲಾಗುತ್ತಿಲ್ಲ.

ಬುಧವಾರ ಪುಸ್ತಕದ ತಿದ್ದುಪಡಿ ಚೀಟಿ ಅಚ್ಚಿಗೆ ಹೋಗುತ್ತದೆ. ಯಾವ ತಪ್ಪು ತಿದ್ದಿದರೂ, ಸರಿಯಾದ ಸಂಗತಿ ಹೇಗೆ ತಿಳಿಯಿತೆಂದು ಸಭೆಯಲ್ಲಿ ಎದ್ದು ನಿಂತು ಹೇಳಬೇಕು. ಅದೂ ನಾನೇ ಬರೆದ ನಿಯಮ, ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರಲ್ಲ, ಹಾಗೆ. ಅಪ್ಪನ ಹೆಸರು ಸೇರಿಸುವ ಸಾಲನ್ನು ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ನಮ್ಮಪ್ಪ ಎಂದು ಹೇಳಿದರೆ ಮುಗಿಯಿತು, ಒಂದೇ ಮಾತು. ಅದನ್ನು ಕನ್ನಡಿಯ ಮುಂದೆ ಹೇಳಿಕೊಳ್ಳಲು ಹೋದರೂ 'ಕಡತದಲ್ಲಿ ಸಿಕ್ಕಿತು' ಎಂದೇ ಬಾಯಿಗೆ ಬರುತ್ತದೆ. ಹೇಳುತ್ತೇನೆ ಎಂದು ನಿನಗೆ ಬರೆದು ಕೊಟ್ಟಿದ್ದೇನೆ, ಇನ್ನು ಜಾರಿಕೊಳ್ಳಲು ದಾರಿಯಿಲ್ಲ. ಸಾಧ್ಯವಾದರೆ ಗುರುವಾರ ಬಾ. ಹೇಳಿದ್ದರೆ ಅಪ್ಪನ ಜೊತೆ ಕೂತು ಊಟ ಮಾಡೋಣ, ಹೇಳದಿದ್ದರೆ ಅವರೆದುರಿಗೇ ನನಗೆ ಬೈಯಿ.

ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳು ನೂರು ಕಾಲ ಚೆನ್ನಾಗಿ ಬಾಳಲಿ, ಸೋದರಮಾವನ ಬುದ್ಧಿ ಅವರಿಗೆ ಬರದಿರಲಿ. ನಿನ್ನ ಆಶೀರ್ವಾದ ನನಗೆ ಈಗ ಬೇಕು.

ನಿನ್ನ
ತಮ್ಮ

ಮರೆತದ್ದು: ಮರೆತದ್ದಲ್ಲ, ಅಕ್ಕ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಹೆಸರುಗಳು ಯಾವ ಕಡತದಲ್ಲೂ ಸಿಗಲಿಲ್ಲ. ಫೋಟೋವನ್ನು ಚೌಕಟ್ಟಿನಿಂದ ಬಿಚ್ಚಿದಾಗ ಹಿಂಬದಿಯಲ್ಲಿ ಸಿಕ್ಕವು. ಪೆನ್ಸಿಲಿನಲ್ಲಿ, ದುಂಡಗೆ, ಸೀಸೆಯ ಮೇಲೆ ಬರೆದ ಹಾಗೆ, ಎಡದಿಂದ ಬಲಕ್ಕೆ ಆರು ಹೆಸರು. ಅಪ್ಪನ ಕೈಬರಹ. ಐದನ್ನು ನಕಲು ಮಾಡಿಕೊಂಡು ಮತ್ತೆ ಚೌಕಟ್ಟು ಹಾಕಿ ಮೊಳೆ ಹೊಡೆದೆ. ಎಲ್ಲಿ ಸಿಕ್ತು ಎಂದು ಅವರು ಕೇಳಿದರಲ್ಲ, ಕೇಳುವಾಗಲೇ ಅವರಿಗೆ ಗೊತ್ತಿತ್ತು.