ಆರನೇ ಮನೆಯ ಕಾಲಾಳು

ಹೊಲಿಗೆ ಅಂಗಡಿಯಿಂದ,
ಮಾರ್ಚ್ ಹನ್ನೊಂದು, ಮಧ್ಯಾಹ್ನ

ನನ್ನ ಪುಟ್ಟನಿಗೆ (ಐವತ್ತು ದಾಟಿದರೂ ನನಗೆ ನೀನು ಪುಟ್ಟನೇ),

ಸೊಂಟ ನೋವು ಹೇಗಿದೆ? ದಿನವಿಡೀ ಬಸ್ಸು ಓಡಿಸುವವನು ಬೆನ್ನಿಗೊಂದು ದಿಂಬು ಇಟ್ಟುಕೊಳ್ಳಲಿ ಎಂದು ಅಮ್ಮನ ಕೈಲಿ ಹೇಳಿಸಿದ್ದೆ, ಹೇಳಿದಳೋ ಮರೆತಳೋ. ಅಮ್ಮ ಚೆನ್ನಾಗಿದ್ದಾಳೆ. ನಿನ್ನ ಫೋನು ಬಂದ ದಿನ ಎರಡು ತುತ್ತು ಹೆಚ್ಚು ತಿನ್ನುತ್ತಾಳೆ. ನಾನು ಮಾತ್ರ ಆರು ವರ್ಷದಿಂದ ನಿನಗೆ ಒಂದು ಸಾಲೂ ಬರೆದಿಲ್ಲ. ನೀನು ಕತ್ತರಿ ಕೆಳಗಿಟ್ಟು ಅಂಗಡಿಯಿಂದ ಹೊರಟ ದಿನ "ಹೋದೋನು ಹೋದ ಹಾಗೇ ಇರು" ಅಂದಿದ್ದೆ. ನನ್ನ ಬಾಯಿ ನಿನಗೆ ಗೊತ್ತಲ್ಲ.

ಈಗ ಬರೆಯಲು ಕಾರಣವಿದೆ. ಸಂಜೆ ಆರಕ್ಕೆ ಪಂದ್ಯದ ಸಭಾಂಗಣದ ಬಾಗಿಲು ಹಾಕುವಾಗ ಮುಗಿಯದೆ ಉಳಿದ ಚೆಸ್ ಆಟಗಳನ್ನು ಒಕ್ಕೂಟದವರು ನನಗೆ ಕಳಿಸುತ್ತಾರೆ. ಮುಂದೆ ಆಡಿದ್ದರೆ ಯಾರು ಗೆಲ್ಲುತ್ತಿದ್ದರು ಎಂದು ನಾನು ತೀರ್ಪು ಬರೆಯಬೇಕು. ಹತ್ತೊಂಬತ್ತು ವರ್ಷದಿಂದ ಮಾಡಿಕೊಂಡು ಬಂದ ಕೆಲಸ. ಹೋದ ವಾರ ಬಂದ ನಡೆಗಳ ಹಾಳೆಯಲ್ಲೂ ಎಂದಿನಂತೆ ಹೆಸರಿನ ಭಾಗ ಕತ್ತರಿಸಿತ್ತು. ಆದರೆ ಬಿಳಿ ಕಾಯಿ ಆಡಿದವನು ಏಳು ಬರೆದಲ್ಲೆಲ್ಲ ನಿನ್ನ ಹಾಗೆ ನಡುವೆ ಒಂದು ಗೀಟು. ಎಡ ಅಂಚಿನಲ್ಲಿ ಅವನ ಒಂಟಿ ಕಾಲಾಳು ಆರನೇ ಮನೆವರೆಗೆ ಬಂದಿದೆ, ತಡೆಯಲು ಎದುರಾಳಿಯ ಕಾಲಾಳು ಒಂದೂ ಇಲ್ಲ. ಹಿಂದೆ ನಿಂತು ತಳ್ಳಬೇಕಾದ ಅವನ ಆನೆಯೇ ಮುಂದೆ ದಾರಿಗಡ್ಡವಾಗಿ ನಿಂತಿದೆ! ನೀನು ದಡಾರ ಬಂದು ಮಲಗಿದ್ದಾಗ ಹಾಸಿಗೆಯ ಮೇಲೆ ಹಲಗೆ ಹರಡಿ ಕಲಿಸಿದವಳು ನಾನು. ಆನೆ ಹಿಂದಿರಲಿ ಎಂದರೆ "ದೊಡ್ಡೋರು ಮುಂದೆ ಹೋಗ್ಬೇಕಲ್ವಾ ಅಕ್ಕಾ?" ಅಂತಿದ್ದೆ. ನೋಡಿದ ಕೂಡಲೇ ನೀನೇ ಎಂದು ಗೊತ್ತಾಯಿತು.

ಮನೆಯವರ ಆಟವಾದರೆ ಹಾಳೆ ವಾಪಸು ಕಳಿಸಬೇಕೆಂಬ ನಿಯಮವಿದೆ. ನಾನು ಕಳಿಸಲಿಲ್ಲ. ಈಗ ಹೇಗೆ ಆಡುತ್ತೀಯೋ ನೋಡುವ ಆಸೆ. ಎರಡು ತಂಡಗಳೂ ಸಮವಾಗಿದ್ದು ಈ ಆಟವೇ ಕಡೆಯದೆಂದು ಹಾಳೆಯಲ್ಲೇ ಇತ್ತು. ಗೆದ್ದರೆ ನೀನು ತಂಡದಲ್ಲಿ ಉಳಿಯುತ್ತೀಯೆ, ಇಲ್ಲದಿದ್ದರೆ ಮತ್ತೆ ಬೆಂಚು ಕಾಯುವುದು ಎಂದು ಅಮ್ಮ ಹೇಳಿದ್ದಳು. ಅಲ್ಲಿಂದ ನನಗೆ ಹೆದರಿಕೆ ಶುರುವಾಯಿತು. ತಮ್ಮನೆಂದು ಕೈ ಜಾರಿಬಿಟ್ಟರೆ?

ನಿನ್ನ ರಾಜ ಬಲಗಡೆಯಿಂದ ಆ ಕಾಲಾಳಿನ ನೆರವಿಗೆ ಹೊರಟರೆ, ಅವನು ಕಾಯುತ್ತಿದ್ದ ಮೂರು ಕಾಲಾಳುಗಳನ್ನು ಎದುರಾಳಿಯ ಆನೆ ಒಂದೊಂದಾಗಿ ಹೊಡೆಯುತ್ತದೆ. ರಾಜ ತಲುಪುವಷ್ಟರಲ್ಲಿ ಎದುರಾಳಿಯ ಕಾಲಾಳುಗಳು ರಾಣಿಯಾಗಲು ಓಟ ಕಿತ್ತಿರುತ್ತವೆ. ನಾಲ್ಕು ದಿನ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಇದನ್ನೇ ಆಡಿಸಿದೆ. ಒಬ್ಬ ಗಿರಾಕಿಯ ತೋಳು ಗಿಡ್ಡ ಹೊಲಿದು ಬೈಸಿಕೊಂಡೆ. ಸೋಮವಾರ ಡ್ರಾ ಎಂದು ಬರೆದು ಕಳಿಸಿದೆ. ಪಕ್ಷಪಾತ ಮಾಡಲಿಲ್ಲ ಎಂಬ ಸಮಾಧಾನ ಬರಬೇಕಿತ್ತು, ಬರಲಿಲ್ಲ. ಊಟ ಸೇರುತ್ತಿಲ್ಲ ಕಣೋ. ನಿನ್ನ ಅರ್ಧ ಅಂಕ ಕಳೆದವಳು ನಾನೇ ಎಂದು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳುತ್ತಿದ್ದೇನೆ.

ಮಕ್ಕಳಿಗೆ ನನ್ನ ಮುದ್ದು, ನಿನ್ನವಳಿಗೆ ನೆನಪುಗಳು. ನೂರ್ಕಾಲ ಚೆನ್ನಾಗಿರು.

ನಿನ್ನ
ಅಕ್ಕ

ಮತ್ತೆ: ಲಕೋಟೆಗೆ ಅಂಟು ಹಚ್ಚುವ ಮುಂಚೆ ಇನ್ನೊಂದು ಸಲ ಆಡಿಸಿದೆ. ನಾನು ತಪ್ಪಿದ್ದೇನೆ. ಮೂರರಲ್ಲಿ ಒಂದನ್ನಾದರೂ ಉಳಿಸೋಣವೆಂದು ಪ್ರತಿ ಸಲವೂ ರಾಜನನ್ನು ದಾರಿಯಲ್ಲಿ ಒಂದು ಹೆಜ್ಜೆ ನಿಲ್ಲಿಸುತ್ತಿದ್ದೆ. ನಿಲ್ಲಿಸಬಾರದಿತ್ತು. ಮೂರೂ ಹೋಗಲಿ ಎಂದು ಬಿಟ್ಟು ನಡೆದರೆ ಒಂದು ಹೆಜ್ಜೆ ಮುಂಚೆ ಸೇರುತ್ತಾನೆ. ಕಾಲಾಳನ್ನು ಏಳಕ್ಕೆ ತಳ್ಳಬೇಡ, ಎದುರಾಳಿಯ ಆನೆ ಚೆಕ್ ಕೊಟ್ಟಾಗ ರಾಜನಿಗೆ ಅಡಗಲು ಆ ಮನೆ ಬೇಕು. ನಡೆಗಳನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದು ಸಹಿ ಮಾಡಿ ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಹದಿನಾಲ್ಕು ದಿನದೊಳಗೆ ಆಟಗಾರನೇ ಅಪೀಲು ಹಾಕಬೇಕು, ಇದು ಕೈಸೇರಿದ ದಿನವೇ ಹಾಕು. ಯಾರು ತೋರಿಸಿಕೊಟ್ಟರು ಎಂದರೆ ತೀರ್ಪು ಕೊಟ್ಟವಳೇ, ನನ್ನ ಅಕ್ಕ ಎನ್ನು. ನನ್ನ ಈ ತೀರ್ಪಿನ ಕೆಲಸ ಹೋಗುತ್ತದೆ, ಹೋಗಲಿ. ಅವತ್ತು ಹೊರಟದ್ದು ತಪ್ಪಲ್ಲ ಪುಟ್ಟಾ, ನೀನು ಗೆದ್ದಿದ್ದೆ.