ಚಪ್ಪಲಿ ಬಚ್ಚಿಡುತ್ತಿದ್ದ ಅವ್ವ

ಕೆಂಪಾಪುರ, ಹೆಬ್ಬಾಳ
31 ಆಗಸ್ಟ್ 2025, ಭಾನುವಾರ

ತಮ್ಮ ಮುನೀಂದ್ರನಿಗೆ ಅಕ್ಕನ ಆಶೀರ್ವಾದ.

ನಾವೆಲ್ಲ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯೋ, ಫೋನ್ ಎತ್ತಿದರೆ ತಾನೇ ಗೊತ್ತಾಗುವುದು! ಅವ್ವನ ವರ್ಷದ ಪೂಜೆಗೂ ನೀನು ಬರಲಿಲ್ಲ. ಆ ಸಿಟ್ಟಿಗೆ ನಾನೂ ಮುಖ ಊದಿಸಿಕೊಂಡು ಕೂತಿದ್ದೆ. ಅದಕ್ಕೇ ಈ ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ.

ಮೊನ್ನೆ ನಮ್ಮ ಹಳೆಯ ಹೂವಿನ ತೋಟದ ಕಡೆ ಹೋಗಿದ್ದೆ. ತೋಟ ಎಲ್ಲಿದೆ, ಈಗ ಅಪಾರ್ಟ್‌ಮೆಂಟು. ಬಾವಿ ಇದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಆದರೂ ಜಕ್ಕೂರಿನ ಪುಟಾಣಿ ವಿಮಾನ ತಲೆ ಮೇಲೆ ಹಾದುಹೋಗಿದ್ದೇ ತಡ, ನೀನು ಗುಲಾಬಿ ಗಿಡ ತುಳಿದುಕೊಂಡು ಅದರ ಹಿಂದೆ ಓಡುತ್ತಿದ್ದುದು, ಅವ್ವ ಹೂವಿನ ಕುಕ್ಕೆ ಹಿಡಿದು ಬೈಯುತ್ತಿದ್ದುದು ಕಣ್ಣಿಗೆ ಕಟ್ಟಿತು. ನಿನ್ನನ್ನು ತಡೆಯಲು ಅವಳಿಗೆ ಗೊತ್ತಿದ್ದುದು ಒಂದೇ ಉಪಾಯ, ಚಪ್ಪಲಿ ಬಚ್ಚಿಡುವುದು. ನೆಂಟರಿಗೂ ಅದೇ ಗತಿ. ಮಾಕಳಿಯ ಸೋದರಮಾವ ಹೊರಟು ನಿಂತರೆ ಅವರ ಒಂದು ಚಪ್ಪಲಿ ರಾಗಿ ಚೀಲದ ಹಿಂದೆ ಇರುತ್ತಿತ್ತು. ಇವತ್ತೊಂದು ದಿನ ಇದ್ದು ಹೋಗು ಅನ್ನುತ್ತ, ಏನೂ ಅರಿಯದವಳ ಹಾಗೆ ಸಾರಿಗೆ ಕೋಳಿ ಹಿಡಿಯಲು ಹೋಗುತ್ತಿದ್ದಳು.

ಇಥಿಯೋಪಿಯಾದ ಗುಲಾಬಿ ತೋಟಕ್ಕೆ ಮೇಲ್ವಿಚಾರಕನಾಗಿ ನೀನು ಮೊದಲ ಸಲ ಹೊರಟಾಗ, ಹಳದಿ ಜ್ವರದ ಇಂಜೆಕ್ಷನ್ ಹಾಕಿಸಿಕೊಂಡು ಅದರ ದಾಖಲೆಯ ಹಳದಿ ಬಣ್ಣದ ಪುಟ್ಟ ಪುಸ್ತಕ ತಂದೆ. "ಅವ್ವಾ, ಇದಿಲ್ದಿದ್ರೆ ಪ್ಲೇನು ಹತ್ಸಲ್ಲ" ಎಂದು ಜಂಬ ಕೊಚ್ಚಿದೆ. ಅವ್ವ ಅದಕ್ಕೆ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಳು. ಆಮೇಲೆ ನೀನು ರಜಕ್ಕೆ ಬಂದಾಗಲೆಲ್ಲ ಅದರ ಜಾಗ ಅದೇ ಆಗಿತ್ತು.

ಹೋದ ವರ್ಷದ್ದು ನೆನೆಯಬಾರದು ಅಂದುಕೊಳ್ಳುತ್ತೇನೆ, ಆಗುವುದಿಲ್ಲ. ಅವ್ವ ಹಾಸಿಗೆ ಹಿಡಿದಳೆಂದು ನೀನು ಓಡೋಡಿ ಬಂದೆ. ಪುಸ್ತಕ ನಿನ್ನ ಬಳಿ ಇರಲಿಲ್ಲ. ಹಿಂದಿನ ರಜದಲ್ಲೇ ಮನೆಯಲ್ಲಿ ಕಾಣೆಯಾಗಿತ್ತು. ಹೋಗುವಾಗ ಯಾರೂ ಕೇಳದ್ದರಿಂದ ನೀನೂ ತಲೆ ಕೆಡಿಸಿಕೊಂಡಿರಲಿಲ್ಲ. ಬರುವಾಗ ಕೇಳಿದರು. ಏರ್‌ಪೋರ್ಟಿನಿಂದಲೇ ಕರೆದುಕೊಂಡು ಹೋಗಿ ಆರು ದಿನ ಆಸ್ಪತ್ರೆಯಲ್ಲಿ ಪ್ರತ್ಯೇಕವಾಗಿ ಇರಿಸಿದರು. ನಾವು ಇಡೀ ಮನೆ ಜಾಲಾಡಿದೆವು, ಸಿಗಲಿಲ್ಲ. ಫ್ಲೈಓವರ್ ದಾಟಿದರೆ ಮುಗಿಯುವ ದಾರಿ, ಅಷ್ಟು ಹತ್ತಿರವಿದ್ದು ನೀನು ಅವ್ವನ ಮುಖವನ್ನು ಫೋನಿನಲ್ಲಿ ನೋಡಿದೆ. ಮಣ್ಣಿಗೂ ಬರಲಾಗಲಿಲ್ಲ. ಆಮೇಲೆ ಬಂದವನು ಬಾಗಿಲಲ್ಲೇ ನಿಂತು, "ನನ್ನೂರೇ ನನ್ನ ಒಳಗ್ ಬಿಟ್ಕೊಳ್ಳಿಲ್ಲ ಅಕ್ಕ, ಇನ್ಯಾಕ್ ಬರ್ಲಿ?" ಅಂದೆ.

ನನ್ನ ಮಗಳು ನಯನಾ ಲಾ ಓದುತ್ತಿದ್ದಾಳಲ್ಲ, ಅವಳಿಗೆ ಈಗ ಇದೇ ಪಾಠ. ಕಾಯಿಲೆ ದೇಶದಿಂದ ದೇಶಕ್ಕೆ ದಾಟದಿರಲೆಂದು ಎಲ್ಲ ದೇಶಗಳೂ ಕೂತು ಒಪ್ಪಿಕೊಂಡ ನಿಯಮವಂತೆ. ಹಳದಿ ಜ್ವರ ನಮ್ಮಲ್ಲಿಲ್ಲ, ಹರಡುವ ಸೊಳ್ಳೆ ಮಾತ್ರ ಬೇಕಾದಷ್ಟಿದೆ. ಒಬ್ಬರು ತಂದರೆ ಊರಿಗೇ ಅಂಟಬಹುದಂತೆ. ತಡೆದಿಟ್ಟವರನ್ನು ಗೌರವದಿಂದ ನೋಡಿಕೊಳ್ಳಬೇಕು, ಊಟ ನೀರು ಕೊಡಬೇಕು ಅಂತಲೂ ಅದರಲ್ಲೇ ಇದೆಯಂತೆ. "ಎಲ್ಲಾ ಸರಿ ಕಣೇ, ಸಾಯೋ ತಾಯಿ ಬಗ್ಗೆ ಏನ್ ಬರ್ದಿದಾರೆ?" ಅಂದೆ. ಪಾಪ, ಅವಳೇನು ಮಾಡಿಯಾಳು. ಆದರೆ ಊರು ನಿನ್ನನ್ನು ಹೊರಗಿಟ್ಟಿತು ಅನ್ನುವುದನ್ನು ಮಾತ್ರ ಮನಸ್ಸಿನಿಂದ ತೆಗೆದುಹಾಕು.

ಪಿತೃಪಕ್ಷದ ಅಮಾವಾಸ್ಯೆಗೆ ಅವ್ವನಿಗೆ ಮೊದಲ ಎಡೆ. ಹೊಸ ಸೀರೆ ತಂದಿದ್ದೇನೆ. ಮುದ್ದೆ, ನಾಟಿ ಕೋಳಿ ಸಾರು ನಾನು ಮಾಡುತ್ತೇನೆ. ಎಡೆ ಇಡಲು ನೀನು ಬೇಕು. ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವ ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಆಶಾರಾಣಿ

ವಿ.ಸೂ.: ಇದನ್ನು ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಇಟ್ಟೆ. ನಿನ್ನ ಹಳದಿ ಪುಸ್ತಕ ಸಿಕ್ಕಿದೆ. ಅವ್ವ ಹಾಸಿಗೆ ಹಿಡಿಯುವ ಮೊದಲೇ ಪಕ್ಕದ ಮನೆಗೆ ಬೀಗ ಹಾಕಿ ಮಗಳ ಊರಿಗೆ ಹೋಗಿದ್ದ ಗೋಪಾಲಮ್ಮ ಮೊನ್ನೆ ಬಂದವಳು ತಂದುಕೊಟ್ಟಳು. ನಿನ್ನ ಕೊನೆಯ ರಜದಲ್ಲಿ ಅವ್ವನೇ ಅವಳ ಕೈಗೆ ಕೊಟ್ಟಿದ್ದಳಂತೆ: "ಇದಿಲ್ದಿದ್ರೆ ಅವನು ಓಗಾಕಾಗಲ್ಲ ಕಣೆ. ಇನ್ನೊಂದೆರಡು ದಿನ ಇರ್ತಾನೆ."

ನಾವು ಮನೆ ಜಾಲಾಡುವ ಹೊತ್ತಿಗೆ ಅವ್ವನಿಗೆ ಮಾತು ನಿಂತಿತ್ತು. ಗೋಪಾಲಮ್ಮನ ಮನೆ ಕಡೆಯ ಗೋಡೆಗೆ ಮತ್ತೆ ಮತ್ತೆ ಕೈ ತೋರಿಸುತ್ತಿದ್ದಳು. ಅಲ್ಲಿ ಬಿಂದಿಗೆ ಇತ್ತು. ನೀರು ಕೇಳುತ್ತಿದ್ದಾಳೆಂದು ನಾನು ನೀರು ಕುಡಿಸಿದೆ.

ಆ ಇಂಜೆಕ್ಷನ್ ಒಮ್ಮೆ ಹಾಕಿಸಿದರೆ ಈಗ ಜೀವಮಾನಕ್ಕೂ ನಡೆಯುತ್ತದಂತೆ, ನಯನಾ ನೋಡಿ ಹೇಳಿದಳು. ನೀನು ಹೋಗದಿರಲೆಂದು ಅವ್ವ ಬಚ್ಚಿಟ್ಟ ಪುಸ್ತಕವನ್ನು, ನೀನು ಬರಲೆಂದು ಈ ಕಾಗದದ ಜೊತೆ ಇಟ್ಟಿದ್ದೇನೆ.